ಹೊಸ ಗಣಕವೋ, ಹಳೆಯದೋ?

ಕೇಂದ್ರ ಸರ್ಕಾರದ ಗುಮಾಸ್ತರ ಮನೆಯಲ್ಲಿ 95,000 ರೂಪಾಯಿಯ ಲ್ಯಾಪ್‌ಟಾಪ್ ಕೊಳ್ಳುವುದೆಂದರೆ ಪಂಚವಾರ್ಷಿಕ ಯೋಜನೆಯೇ ಸರಿ. ನಮ್ಮ ಮಗಳು ಆನಿಮೇಷನ್ ಪದವಿಯ ಎರಡನೆಯ ವರ್ಷಕ್ಕೆ ಬಂದಾಗ ಈ ಯೋಜನೆ ನಮ್ಮ ಮುಂದೆ ಬಂತು. ಮಕ್ಕಳನ್ನು ಇಂಥ ಓದಿಗೆ ಹಾಕಿರುವ ಸಂಘದ ಬಂಧುಗಳಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇವೆ.

ಕೈಯಲ್ಲಿ ಒಂದು ಲಕ್ಷವಿತ್ತು, ನಿಜ. ಅದು ರಾಯಚೂರು ಕಡೆಯ ನಮ್ಮ ಊರಮನೆಯ ಮಾಳಿಗೆ ರಿಪೇರಿಗೆಂದು ಕೂಡಿಟ್ಟದ್ದು. ಅಲ್ಲಿ ತಾಯಿಯವರು ಒಬ್ಬರೇ ಇದ್ದಾರೆ. ಮಳೆಗಾಲ ಹತ್ತಿರ ಬಂದಿತ್ತು. ಫೋನಿನಲ್ಲಿ ವಿಷಯ ತಿಳಿದೊಡನೆ, “ಸೋರಿದಲ್ಲಿ ಬೋಗಾಣಿ ಇಡ್ತೀನಿ, ಹುಡುಗಿಗೆ ಹೊಸಾದ ಕೊಡಸು” ಎಂದುಬಿಟ್ಟರು. ಅವರು ಹಾಗೆಂದ ಮೇಲೆ ಹೊಸದನ್ನು ಕೊಳ್ಳುವುದು ನಮಗೆ ಇನ್ನೂ ಕಷ್ಟವಾಯಿತು.

ಕಂಪ್ಯೂಟರ್ ಮುಂಗಡವನ್ನು ಸಹೋದ್ಯೋಗಿಗಳು ನೆನಪಿಸಿದರು. 7ನೆಯ ವೇತನ ಆಯೋಗದ ನಂತರ, 2016ರಲ್ಲಿ, ಕಾರು, ಸ್ಕೂಟರುಗಳ ಮುಂಗಡ ರದ್ದಾದರೂ ಇದು ಉಳಿಯಿತು. ಮಿತಿ 50,000 ರೂಪಾಯಿ, ಮೇಲೆ ಬಡ್ಡಿ. ಮನೆ ಸಾಲದ ಕಂತು ಹೋದ ನಮ್ಮ ಸಂಬಳದಲ್ಲಿ ಇನ್ನೊಂದು ಕಡಿತಕ್ಕೆ ಜಾಗವಿರಲಿಲ್ಲ.

ಒಂದು ಶನಿವಾರ ಮಗಳೊಡನೆ ಸಿಕಂದರಾಬಾದಿನ ಪಾರ್ಕ್‌ಲೇನಿಗೆ, ಚೆನಾಯ್ ಟ್ರೇಡ್ ಸೆಂಟರಿಗೆ ಹೋದೆವು. ಊರಿನವರ ಬಾಯಲ್ಲಿ ಅದು ಸಿಟಿಸಿ. ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಯಂತ್ರಗಳು ಒರೆಸಿ ತಿಕ್ಕಿಸಿಕೊಂಡು, ಹೆಣ್ಣು ನೋಡಲು ಬಂದವರ ಮುಂದೆ ಕೂತಂತೆ ಕೂತಿರುತ್ತವೆ. “ಬಿಲ್ಕುಲ್ ನಯಾ ಸಾಬ್” ಎಂಬ ಮಾತನ್ನು ಬಿ.ಎಸ್‌ಸಿ. ಓದಿದವರು ಅಳೆಯದೆ ನಂಬಬಾರದಷ್ಟೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ, ಇಂಟೆಲ್ ಆದರೆ, ಸಾಮಾನ್ಯವಾಗಿ 8ನೆಯ ತಲೆಮಾರಿನ ಪ್ರೊಸೆಸರಾದರೂ ಬೇಕು. ಅದಕ್ಕೂ ಹಿಂದಿನದನ್ನು ಎಷ್ಟು ಅಗ್ಗವಾದರೂ ಮುಟ್ಟಲಿಲ್ಲ. ಮೆಮೊರಿಯದು ಇನ್ನೊಂದು ಕಥೆ. ಫೋಟೋಶಾಪಿಗೆ 8 ಜಿಬಿ ಕನಿಷ್ಠ, 16 ಇದ್ದರೆ ಹಿತ. ಬ್ಲೆಂಡರಿಗೆ 32 ಇರಲಿ ಎಂದು ಅದನ್ನು ಮಾಡಿದವರೇ ಹೇಳುತ್ತಾರೆ. ಅನೇಕ ಲ್ಯಾಪ್‌ಟಾಪುಗಳಲ್ಲಿ ಮೆಮೊರಿಗೆ ಬೆಸುಗೆ ಹಾಕಿರುತ್ತಾರೆ, ಕೊಂಡ ದಿನ ಇದ್ದಷ್ಟೇ ಕೊನೆತನಕ. ಡೆಸ್ಕ್‌ಟಾಪ್ ಆದರೆ ಪೆಟ್ಟಿಗೆ ಬಿಚ್ಚಿ ಸೇರಿಸಬಹುದು.

ಇಲ್ಲಿ ನಮ್ಮ ಪ್ರಶ್ನೆಯೇ ಬದಲಾಯಿತು: ಯಾವ ಭಾಗ ಹಳೆಯದಿದ್ದರೆ ನಡೆದೀತು? ಪೆಟ್ಟಿಗೆ, ಪ್ರೊಸೆಸರ್ ಹಳೆಯದಿರಲಿ. ಕೆಲಸವನ್ನೆಲ್ಲ ಕಾಯುವ ಡಿಸ್ಕ್ ಹೊಸದೇ ಆಗಬೇಕು. ಬಣ್ಣ ಮಾಸಿದ ಪರದೆಯ ಮುಂದೆ ಚಿತ್ರ ಕಲಿಯುವುದು ಬೇಡ, ಮಾನಿಟರ್ ಕೂಡ ಹೊಸದು.

ಮಗಳು ಪೆನ್‌ಡ್ರೈವಿನಲ್ಲಿ ತನ್ನದೇ ಬ್ಲೆಂಡರ್ ದೃಶ್ಯವೊಂದನ್ನು ತಂದಿದ್ದಳು. ಅಂಗಡಿಯಲ್ಲೇ ಅರ್ಧ ಗಂಟೆ ರೆಂಡರ್ ಮಾಡಿಸಿದಳು. ಮೊದಲ ಯಂತ್ರ ಹನ್ನೊಂದನೆಯ ನಿಮಿಷಕ್ಕೆ ಕಣ್ಣು ಮುಚ್ಚಿತು. ಎರಡನೆಯದು ಫ್ಯಾನು ಗುಂಯ್‌ಗುಟ್ಟಿಸುತ್ತ ಕೊನೆಯವರೆಗೂ ನಿಂತಿತು. “ಸಬ್ಮಿಷನ್ ಹಿಂದಿನ ರಾತ್ರಿ ಕೈಕೊಟ್ಟರೆ?” ಎಂದು ನಮ್ಮ ಮನೆಯವರು ಕೇಳಿದ್ದು ನ್ಯಾಯವೇ. ಅದಕ್ಕೆ ಕೆಲಸದ ಪ್ರತಿಯೊಂದನ್ನು ದಿನವೂ ಬೇರೆ ಡಿಸ್ಕಿನಲ್ಲಿ ಇಡುವುದಾಗಿ ಮಗಳು ಒಪ್ಪಿದಳು. ಅಡೋಬಿಯ ತಂತ್ರಾಂಶಕ್ಕೆ ಯಂತ್ರ ಕೊಂಡ ಮೇಲೂ ಬಾಡಿಗೆ ತಪ್ಪದು. ಬ್ಲೆಂಡರ್, ಕೃತಾ ಉಚಿತ. ಮನೆಯ ಕೆಲಸವೆಲ್ಲ ಸದ್ಯಕ್ಕೆ ಇವೆರಡರಲ್ಲೇ.

ರಸೀದಿ ಸಹಿತ ಒಟ್ಟು 41,000 ಆಯಿತು. ಚಿತ್ರ ಬರೆಯುವ ಪೆನ್ ಟ್ಯಾಬ್ಲೆಟ್ಟಿಗೆ ಹೋದ ದೀಪಾವಳಿಯ ಬೋನಸ್, ಆ 6,908 ರೂಪಾಯಿ, ಸಾಕಾಯಿತು. ಉಳಿದ ಹಣದಲ್ಲಿ ತಾಯಿಯವರು ಮಲಗುವ ಕೋಣೆ, ಅಡುಗೆಮನೆಗಳ ಮಾಳಿಗೆ ಮಳೆಗೆ ಮುಂಚೆ ಮುಗಿಯಿತು. ಪಡಸಾಲೆಯದು ಮುಂದಿನ ವರ್ಷ. ಅಲ್ಲಿ ಇನ್ನೂ ಬೋಗಾಣಿ ಇದೆ.