ಜೋನಿಬೆಲ್ಲದ ಕಾಫಿ

ಶಿವಮೊಗ್ಗೆಯಿಂದ ಸಾಗರದ ಮಾರ್ಗವಾಗಿ ಬರುವ ರೈಲುಹಳಿಯು ತಾಳಗುಪ್ಪದಲ್ಲಿ ಮುಗಿಯುವುದು. ಅಲ್ಲಿಂದ ಮುಂದೆ ಸಿದ್ದಾಪುರಕ್ಕಾಗಲಿ ಶಿರಸಿಗಾಗಲಿ ಹೋಗತಕ್ಕವರು ಮೋಟಾರು ಬಸ್ಸನ್ನು ಆಶ್ರಯಿಸಬೇಕು. ಮಳೆಗಾಲದಲ್ಲಿ ಜೋಗದ ಜಲಪಾತವನ್ನು ನೋಡಲೆಂದು ಈ ಕಡೆಗೆ ಜನರು ಗುಂಪುಗುಂಪಾಗಿ ಬರುವರಾದರೂ, ಪುಷ್ಯ ಮಾಘ ಮಾಸಗಳಲ್ಲಿ ಈ ಸೀಮೆಯು ಎಂತಿರುವುದೆಂದು ಬಲ್ಲ ಪರಸ್ಥಳದವರು ವಿರಳ. ಜಲಪಾತವು ಆಗ ಕೃಶವಾಗಿರುವುದೇನೋ ನಿಜ. ಆದರೆ ಆಲೆಮನೆಗಳ ಕಾಲವು ಅದೇ ಆಗಿದೆ. ಕಳೆದ ಮಾಘದಲ್ಲಿ ನಾವು ಗೃಹಿಣಿಯೊಡನೆ ಸಿದ್ದಾಪುರದ ಆಚೆಗಿರುವ ಒಂದು ಹಳ್ಳಿಗೆ ಹೋಗಿ, ಪೂರ್ವಶಿಷ್ಯನೊಬ್ಬನ ಮನೆಯಲ್ಲಿ ಮೂರು ದಿನ ತಂಗಿದ್ದೆವು.

ಹಳ್ಳಿಯೆಂದರೆ ಇಲ್ಲಿ ಬೀದಿಯಲ್ಲ. ಒಂದು ಕಣಿವೆ, ಅದರ ಅಂಚಿನಲ್ಲಿ ದೂರದೂರವಾಗಿ ನಾಲ್ಕಾರು ಮನೆಗಳು. ಕಣಿವೆಯ ತಳದಲ್ಲಿ ಅಡಕೆಯ ತೋಟ. ಅಡಕೆಯ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದೆ. ಬುಡದಲ್ಲಿ ಏಲಕ್ಕಿಯ ಹಿಂಡು, ನೆರಳಿನ ಅಂಚಿನಲ್ಲಿ ಹತ್ತಿಪ್ಪತ್ತು ಕಾಫಿಯ ಗಿಡ. ತೋಟದ ಮೇಲ್ಗಡೆ ಗದ್ದೆ, ಗದ್ದೆಯ ಒಂದು ಪಾರ್ಶ್ವದಲ್ಲಿ ಅರ್ಧ ಎಕರೆಯಷ್ಟು ಕಬ್ಬು. ಕಾಫಿಗೆ ಚಿಕ್ಕಮಗಳೂರು ಕೊಡಗುಗಳೇ ಪ್ರಸಿದ್ಧವೆಂಬುದು ವಾಚಕರಿಗೆ ವಿದಿತವಷ್ಟೆ. ಬಾಬಾಬುಡನ್ ಎಂಬ ಸಂತರು 17ನೆಯ ಶತಮಾನದಲ್ಲಿ ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಪ್ರತೀತಿಯೂ ಉಂಟು. ಇಲ್ಲಿಯ ಗಿಡಗಳಾದರೋ ಮನೆಯ ಖರ್ಚಿಗೆ ಮಾತ್ರ. ವಿಶೇಷವೇನೆಂದರೆ, ಕಾಫಿಯ ಹಣ್ಣನ್ನು ಕೊಯ್ದು ಒಣಗಿಸುವ ಕಾಲವೂ ಕಬ್ಬನ್ನು ಕಡಿಯುವ ಕಾಲವೂ ಒಂದೇ. ಒಂದು ಲೋಟ ಕಾಫಿಗೆ ಬೇಕಾದುದೆಲ್ಲವೂ ಆ ಕಣಿವೆಯೊಂದರಲ್ಲೇ, ಒಂದೇ ಋತುವಿನಲ್ಲೇ ದೊರೆಯುವುದನ್ನು ನಾವು ಬೇರೆಲ್ಲಿಯೂ ಕಂಡವರಲ್ಲ.

ಆ ಸೀಮೆಯ ಮನೆಗೆ ಹೋದವರನ್ನು ಮೊದಲು ಕೇಳುವ ಮಾತು "ಆಸರಿಗೆ ಏನು?" ಎಂಬುದು, ಬಾಯಾರಿಕೆಗೆ ಏನು ಕೊಡಲಿ ಎಂದು ತಾತ್ಪರ್ಯ. ನಾವು ಕಾಫಿ ಎಂದೆವು. ಜಗಲಿಯಲ್ಲಿ ಕುಳಿತ ನಮಗೆ ಸಕ್ಕರೆಯ ಕಾಫಿ ಬಂದಿತು. ಅಂಗಳದಲ್ಲಿ ಕಬ್ಬಿನ ಹೊರೆಯನ್ನಿಳಿಸಿ ಕುಳಿತಿದ್ದ ಆಳುಗಳಿಗೆ ದೊಡ್ಡ ಲೋಟಗಳಲ್ಲಿ ಹಾಲಿಲ್ಲದ ಬೆಲ್ಲದ ಕಾಫಿ ಹೋಯಿತು. ಶುಂಠಿ ಮೆಣಸುಗಳ ಘಾಟಿನೊಡನೆ ಬೆರೆತ ಅದರ ಪರಿಮಳವು ಜಗಲಿಯವರೆಗೂ ಹಬ್ಬಿ ನಮ್ಮನ್ನು ಅಣಕಿಸುವಂತಿದ್ದಿತು. ನಮಗೂ ಅದನ್ನೇ ಕೊಡಿರೆಂದು ಕೇಳಲು, ಶಿಷ್ಯನ ತಾಯಿ, ಎಪ್ಪತ್ತೈದು ಕಳೆದವರು, "ಅದು ಮಾಸ್ತರು ಕುಡಿಯೋ ಕಾಫಿ ಅಲ್ಲ" ಎಂದು ಸಂಕೋಚಪಟ್ಟರು. ಸಕ್ಕರೆಯು ಅತಿಥಿಗೆ, ಬೆಲ್ಲವು ಆಳಿಗೆ ಎಂಬ ಈ ಭೇದವನ್ನು ಯಾರು ಯಾವಾಗ ಕಲ್ಪಿಸಿದರೋ! ಬೆಂಗಳೂರಿನ ಅಂಗಡಿಗಳಲ್ಲಿ ಈಗ ಬೆಲ್ಲದ ಕಾಫಿಯೆಂದು ಫಲಕ ಹಾಕಿ ಮಾರುವರೆಂದು ನಾವು ತಿಳಿಸಿದೆವು. ಅವರು ನಂಬಲಿಲ್ಲ. ಆದರೂ ಕಾಫಿ ಬಂದಿತು.

ಸಂಜೆ ಆಲೆಮನೆಗೆ ಹೋದೆವು. ಗಾಣವನ್ನು ಹಿಂದೆ ಕೋಣಗಳು ಸುತ್ತುತ್ತಿದ್ದವು. ಈಗ ಬಾಡಿಗೆಯ ಎಂಜಿನು. ಕಬ್ಬಿನ ಹಾಲನ್ನು ಅಗಲವಾದ ಕೊಪ್ಪರಿಗೆಯಲ್ಲಿ ಸುರಿದು, ಅದರ ಹುಳಿಯನ್ನು ಮುರಿಯುವುದಕ್ಕೆ ಕೊಂಚ ಸುಣ್ಣವನ್ನು ಹಾಕಿ, ಮೇಲೆ ಬರುವ ಕೊಳೆನೊರೆಯನ್ನು ತೆಗೆಯುತ್ತ ಗಂಟೆಗಟ್ಟಲೆ ಕುದಿಸುವರು. ಉಷ್ಣಮಾಪಕದ ಲೆಕ್ಕದಲ್ಲಿ ಸುಮಾರು 105 ಡಿಗ್ರಿ ಸೆಂಟಿಗ್ರೇಡಿಗೆ ಇಳಿಸಿದರೆ ಅದು ಜೋನಿಬೆಲ್ಲ, ಎಂದರೆ ದ್ರವವಾಗಿಯೇ ನಿಲ್ಲುವ ಬೆಲ್ಲ; 118ರ ಸಮೀಪಕ್ಕೆ ಬಿಟ್ಟರೆ ಅಚ್ಚಿನ ಬೆಲ್ಲ. ಅಲ್ಲಿ ಉಷ್ಣಮಾಪಕವೆಲ್ಲಿಯದು? ಪಾಕವನ್ನು ನೋಡುವ ಮುದುಕನೊಬ್ಬನು ತಣ್ಣೀರಿನ ಬಟ್ಟಲಿಗೆ ಒಂದು ತೊಟ್ಟು ಬಿಟ್ಟು, ಬೆರಳಿನಿಂದ ಮುಟ್ಟಿ, "ಇಳಿಸಿ" ಎಂದನು. ನಾಲ್ವರು ಗಂಡಾಳುಗಳು ಆ ಒಂದು ಮಾತಿಗಾಗಿ ಕಾದು ನಿಂತಿದ್ದರು.

ಸಂಸ್ಕೃತದಲ್ಲಿ ಈ ಪದಾರ್ಥಕ್ಕೆ ಫಾಣಿತವೆಂದು ಹೆಸರು. ಆಯುರ್ವೇದ ಗ್ರಂಥಗಳಲ್ಲಿ ಇಕ್ಷುರಸದಿಂದ ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ ಎಂದು ಒಂದಕ್ಕಿಂತ ಒಂದು ಶುದ್ಧವಾದ ಸೋಪಾನಪಂಕ್ತಿಯಿದೆ. ಫಾಣಿತದ ವಿಷಯದಲ್ಲಿ ಪ್ರಾಚೀನರಿಗೆ ಅಷ್ಟಾಗಿ ಗೌರವವಿರಲಿಲ್ಲ. ಅದು ಗುರುವೆಂದೂ ದೋಷಕಾರಿಯೆಂದೂ ಹೇಳಿಬಿಟ್ಟಿದ್ದಾರೆ. ಅವರು ಕಾಫಿಯನ್ನು ಕುಡಿದಿರಲಿಲ್ಲವೆಂಬುದನ್ನು ಮಾತ್ರ ನಾವು ವಿನಯಪೂರ್ವಕವಾಗಿ ಜ್ಞಾಪಿಸುವೆವು.

ಆ ತಾಯಿ ಚಳಿಗಾಲಕ್ಕೆಂದು ಮಾಡಿಡುವ ಪಾಕವನ್ನು ನಮ್ಮ ಗೃಹಿಣಿ ಬರೆದುಕೊಂಡಳು. ಪಟ್ಟಣಗಳಲ್ಲಿ ಜೋನಿಬೆಲ್ಲ ದೊರೆಯದಿದ್ದರೆ ಅಚ್ಚಿನ ಬೆಲ್ಲವೂ ಆದೀತು. ಅರ್ಧ ಕಿಲೋ ಬೆಲ್ಲವನ್ನು ಪುಡಿಮಾಡಿ ಕಾಲು ಲೀಟರು ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಬೇಕು. ಬೆಲ್ಲದಲ್ಲಿ ಮರಳಿಲ್ಲವೆಂದು ಯಾರೂ ಪ್ರಮಾಣ ಮಾಡಲಾರರು. ಹೆಬ್ಬೆರಳುದ್ದದ ಹಸಿಶುಂಠಿಯನ್ನು ಜಜ್ಜಿ, ಒಂದು ಚಮಚ ಮೆಣಸಿನ ಕಾಳನ್ನು ಒಡಕಲಾಗಿ ಕುಟ್ಟಿ, ಎರಡನ್ನೂ ಅದರಲ್ಲಿ ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸತಕ್ಕದ್ದು. ಬೆರಳಿಗೆ ಅಂಟಬೇಕು, ಎಳೆ ಬರಕೂಡದು. ಎಳೆ ಬಂದರೆ ನಾಲ್ಕು ದಿನಗಳಲ್ಲಿ ಶೀಶೆಯ ತಳದಲ್ಲಿ ಹರಳುಗಟ್ಟುವುದು. ತೀರ ನೀರಾಗಿದ್ದರೆ ಹುದುಗೆದ್ದು ನೊರೆಯೊಡನೆ ಹುಳಿ ವಾಸನೆ ಬರುವುದು. ಏಲಕ್ಕಿಯನ್ನು ಒಲೆಯ ಮೇಲೆ ಹಾಕಿದರೆ ಅದರ ಪರಿಮಳವು ಹಬೆಯೊಡನೆ ಹಾರಿಹೋಗುವುದು. ಆದಕಾರಣ ಪಾತ್ರೆಯನ್ನು ಇಳಿಸಿದ ಮೇಲೆ ಆರೇಳು ಕಾಯಿಗಳನ್ನು ಕುಟ್ಟಿ ಹಾಕಿ ಮುಚ್ಚಿಡಬೇಕು. ಆರಿದ ನಂತರ ಸೋಸಿ, ಒಣಗಿದ ಶೀಶೆಯಲ್ಲಿ ತುಂಬಿಡುವುದು. ಒದ್ದೆಯ ಚಮಚವನ್ನು ಎಂದಿಗೂ ಅದ್ದಬಾರದು.

ಹಾಲು ಒಡೆಯುವುದೆಂಬ ಭಯದಿಂದಲೇ ಎಷ್ಟೋ ಮನೆಗಳಲ್ಲಿ ಬೆಲ್ಲದ ಕಾಫಿ ನಿಂತುಹೋಗಿದೆ. ಭಯಕ್ಕೆ ಕಾರಣವಿಲ್ಲದಿಲ್ಲ. ಬೆಲ್ಲದಲ್ಲಿ ಸ್ವಲ್ಪ ಆಮ್ಲವಿರುವುದು. ಹಾಲಿನೊಡನೆ ಅದನ್ನು ಕುದಿಸಿದರೆ ಶಾಖವೂ ಆಮ್ಲವೂ ಸೇರಿ ಹಾಲನ್ನು ಒಡೆಯುವುವು. ಹಸಿಶುಂಠಿಯ ರಸದಲ್ಲಿಯೂ ಹಾಲನ್ನು ಹೆಪ್ಪುಗಟ್ಟಿಸುವ ಕಿಣ್ವವೊಂದುಂಟು, ಆದರೆ ಅದು ಕುದಿತದಿಂದ ನಾಶವಾಗುವುದು. ಶುಂಠಿಯನ್ನು ಪಾಕದಲ್ಲಿಯೇ ಕುದಿಸಬೇಕೆಂಬುದರ ಮರ್ಮವಿದು. ಲೋಟಕ್ಕೆ ಮೊದಲು ಎರಡು ಚಿಕ್ಕ ಚಮಚ ಪಾಕ, ಅದರ ಮೇಲೆ ಬಿಸಿ ಡಿಕಾಕ್ಷನ್ನು, ಕಡೆಯಲ್ಲಿ ಬೇರೆಯಾಗಿ ಕಾಯಿಸಿ ಕೆಳಗಿಳಿಸಿದ ಹಾಲು; ಮತ್ತೆ ಒಲೆಯ ಮೇಲಿಡಕೂಡದು. ಈ ಕ್ರಮವನ್ನು ನಾವು ಮನೆಗೆ ಬಂದು ಪರೀಕ್ಷಿಸಿದ್ದೇವೆ. ಮಧುಮೇಹವುಳ್ಳ ಮಿತ್ರರು ಬೆಲ್ಲವೆಂದರೆ ಬಾಧೆಯಿಲ್ಲವೆಂದು ತಿಳಿಯದಿರಲಿ. ಆ ರೋಗಕ್ಕೆ ಬೆಲ್ಲವೂ ಸಕ್ಕರೆಯೂ ಒಂದೇ.

ಹೊರಡುವ ದಿನ ಶಿಷ್ಯನು ಕಬ್ಬಿನ ಗದ್ದೆಯ ಬದುವಿನ ಮೇಲೆ ನಿಂತು, "ಮುಂದಿನ ವರ್ಷ ಇಲ್ಲಿಯೂ ಅಡಕೆ ಸಸಿ ಹಾಕೋಣ ಅಂತ ಇದ್ದೇನೆ, ಮಾಸ್ತರೇ" ಎಂದನು. ಮಂಗಗಳು ಕಬ್ಬನ್ನು ಮುರಿಯುವುವು, ಕಾಡುಹಂದಿಗಳು ಬುಡವನ್ನು ಅಗೆಯುವುವು. ಎಂಜಿನಿನ ಬಾಡಿಗೆ, ಆಳುಗಳ ಕೂಲಿ, ಇವನ್ನೆಲ್ಲ ಕೂಡಿಸಿ, ಬೆಲ್ಲದ ಡಬ್ಬಿಗೆ ಬರುವ ಬೆಲೆಯನ್ನು ಕಳೆದು ತೋರಿಸಿದನು. ಅಡಕೆಗೆ ಇಷ್ಟು ಕಷ್ಟವಿಲ್ಲ, ಹಣವೂ ಹೆಚ್ಚು. ಸುತ್ತಿನ ಗದ್ದೆಗಳು ಒಂದೊಂದಾಗಿ ತೋಟಗಳಾಗಿರುವುದನ್ನು ನಾವೇ ಕಣ್ಣಾರೆ ಕಂಡಿದ್ದೆವು. ಅವನಿಗೆ ಗಣಿತವನ್ನು ಕಲಿಸಿದವರು ನಾವು. ಲೆಕ್ಕದಲ್ಲಿ ತಪ್ಪನ್ನು ಹುಡುಕಿದೆವು, ಸಿಕ್ಕಲಿಲ್ಲ. ಬೆಲ್ಲವನ್ನು ಪೇಟೆಯಿಂದ ತಂದರಾಯಿತೆಂದು ಅವನು ಹೇಳಿದ್ದಕ್ಕೆ ಅವನ ತಾಯಿ, "ಪೇಟೆ ಜೋನಿಗೆ ಸಕ್ಕರೆ ಬೆರೆಸ್ತಾರೆ, ತಮಾ" ಎಂದಷ್ಟೇ ಅಂದು ಒಳಗೆ ಹೋದರು. ಪಾಕವನ್ನು ನೋಡುವ ಮುದುಕನು ಈ ಮಾತುಗಳನ್ನೆಲ್ಲ ಕೇಳುತ್ತ ಸುಮ್ಮನೆ ಕತ್ತಿಯನ್ನು ಮಸೆಯುತ್ತಿದ್ದನು.

ಕಡಿದ ಕಬ್ಬಿನ ಬುಡದಲ್ಲಿ ಕೂಳೆ ಆಗಲೇ ಹಸುರಾಗಿ ಚಿಗುರಿದ್ದಿತು. ಅದನ್ನು ಇನ್ನೊಂದು ವರ್ಷ ಬಿಡುವುದೋ ಕೀಳಿಸುವುದೋ ಯುಗಾದಿಯ ಹೊತ್ತಿಗೆ ನಿಶ್ಚಯಿಸಿ ಬರೆಯುವೆನೆಂದು ಶಿಷ್ಯನು ಹೇಳಿ, ಐದು ಕಿಲೋ ಜೋನಿಬೆಲ್ಲದ ಡಬ್ಬಿಯನ್ನು ಬಸ್ಸಿನಲ್ಲಿ ನಮ್ಮ ಕಾಲ ಬಳಿ ತಾನೇ ತಂದಿಟ್ಟನು.