ಬೊನೊಮ್ ಘಾಟಿಯಲ್ಲಿ ಸಿಡಿಲಿನ ಲೆಕ್ಕ

ಕೈಯಲ್ಲಿದ್ದ ಊರುಗೋಲು ಝುಂಯ್ ಎನ್ನತೊಡಗಿತು. ಏನೆಂದು ನೋಡುವಷ್ಟರಲ್ಲಿ ಗೈಡ್ ಹುಡುಗಿ ಕಿರುಚಿದಳು: ಕೋಲು ಎಸೆಯಿರಿ, ದೂರ ದೂರ ಸರಿಯಿರಿ, ಕುಕ್ಕರಗಾಲಲ್ಲಿ ಕೂರಿ!

ಎಸೆದೆವು. ಸರಿದೆವು. ಬ್ಯಾಗಿನ ಮೇಲೆ ಪಾದ ಜೋಡಿಸಿ, ಮೊಣಕಾಲು ಅಪ್ಪಿ ಕೂತೆವು. ಕಣ್ಣು ಕತ್ತಲಾಗುವ ಬೆಳಕು. ಬೆನ್ನಿಗೇ ಬೆಟ್ಟ ಸೀಳಿದಂಥ ಸದ್ದು. ಆಮೇಲೆ ಆಲಿಕಲ್ಲು.

ಫ್ರಾನ್ಸಿನ ಆಲ್ಪ್ಸ್‌ನಲ್ಲಿ, 2329 ಮೀಟರ್ ಎತ್ತರದ ಬೊನೊಮ್ ಘಾಟಿಯನ್ನು ದಾಟಿ, ಇನ್ನೂ ಸುಮಾರು 150 ಮೀಟರ್ ಮೇಲಿರುವ ಕ್ರ್ವಾ ದ್ಯು ಬೊನೊಮ್ ಘಾಟಿಯ ಕಡೆಗೆ ಹೊರಟಿದ್ದೆವು. ಒಂದು ಬದಿ ಬಂಡೆ, ಇನ್ನೊಂದು ಬದಿ ಜಾರು, ನಡುನಡುವೆ ಜುಲೈನಲ್ಲೂ ಕರಗದ ಹಿಮದ ಪಟ್ಟಿಗಳು. ಅವುಗಳಲ್ಲಿ ಹೆಜ್ಜೆ ಕೊರೆದುಕೊಂಡು ಬರುವಾಗಲೇ ಹೊತ್ತು ಏರಿತ್ತು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಈ ಬೆಟ್ಟಗಳಿಗೆ ಸಿಡಿಲು ಬರುವುದು ಎಲ್ಲರೂ ಬಲ್ಲ ಸಂಗತಿ. ಹಿಂದೆ ಹೋಗುವುದೂ ಮುಂದೆ ಹೋಗುವುದೂ ಅಷ್ಟೇ ದೂರ.

ನಾವೆಲ್ಲ ಪೆನ್ಶನ್ ತೆಗೆದುಕೊಳ್ಳುವವರು. ಬೆಳಗಿನ ಹೊತ್ತು ಪಾರ್ಕು ಸುತ್ತುತ್ತಿದ್ದ ಗುಂಪು, ಕಾಲು ಗಟ್ಟಿಯಿರುವಾಗಲೇ ಮೋಂ ಬ್ಲಾಂ ಪರ್ವತಕ್ಕೆ ಒಂದು ಸುತ್ತು ಬರೋಣವೆಂದು ಹೊರಟಿತ್ತು. ಶಿಖರ ಏರುವುದಲ್ಲ, ಪ್ರದಕ್ಷಿಣೆ: ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರನ್ನೂ ತುಳಿಯುವ ಸುಮಾರು 170 ಕಿ.ಮೀ. ಹಾದಿ. ಆ ದಿನ ಕೆಳಗೆ ಪ್ಲಾನ್ ದೆ ದಾಮ್ ಎಂಬ ಬಯಲಿನಲ್ಲಿ ದೊಡ್ಡ ಕಲ್ಲುಗುಡ್ಡೆ ಕಂಡಿದ್ದೆವು. ಬಿರುಗಾಳಿಗೆ ಸಿಕ್ಕಿ ಅಲ್ಲಿ ಹೆಂಗಸರು ಸತ್ತರೆಂದೂ, ದಾಟುವವರು ಒಂದೊಂದು ಕಲ್ಲಿಡುವ ರೂಢಿಯಿದೆಯೆಂದೂ ಹುಡುಗಿ ಹೇಳಿದ್ದಳು. ನಾವೂ ಇಟ್ಟು ಬಂದಿದ್ದೆವು.

ಈಗ ಗಣಿತದ ಮೇಷ್ಟ್ರು ಲೆಕ್ಕ ಹಿಡಿದಿದ್ದರು. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಾದರೆ ಸಿಡಿಲು ಒಂದು ಕಿಲೋಮೀಟರ್ ಆಚೆ. ಮೂವತ್ತು ದಾಟುವ ತನಕ ಕೂತಲ್ಲಿಂದ ಏಳಬಾರದು. "ಒಂದು, ಎರಡು, ಮೂರು, ನಾಲ್ಕು..." ಆ ಗಾಳಿಯಲ್ಲೂ ತರಗತಿಯ ಕೊನೆಯ ಬೆಂಚಿಗೆ ಕೇಳುವ ದನಿ. ಒಂಬತ್ತು. ಹದಿಮೂರು. ಆಮೇಲೆ ಮತ್ತೆ ಆರು!

ಒದ್ದೆ ಬಟ್ಟೆಯ ಮೇಲೆ ಗಾಳಿ ಕೊಯ್ಯುತ್ತಿತ್ತು. ಹತ್ತು ಮಾರು ದೂರದಲ್ಲಿ ಅವರು ಗಡಗಡ ನಡುಗುವುದು ಕಾಣುತ್ತಿತ್ತು. ನಡುಗಲಿ ಬಿಡಿ ಅಂದುಕೊಂಡೆ; ನಡುಕವೆಂದರೆ ಮೈ ತನ್ನ ಬೆಂಕಿ ತಾನೇ ಹೊತ್ತಿಸಿಕೊಳ್ಳುತ್ತಿದೆ ಎಂದರ್ಥ. ವಾರ್ಡಿನಲ್ಲಿ ಆಯುಷ್ಯ ಕಳೆದ ನರ್ಸ್ ನಾನು.

ಮಿಂಚಿತು. "ಒಂದು, ಎರಡು, ನಾಲ್ಕು, ಎರಡು, ಏಳು..."

ಎದೆ ಧಸಕ್ಕೆಂದಿತು. "ಮೇಷ್ಟ್ರೇ!"

"ಸಿಸ್ಟರ್, ಚಳಿ ಬಿಟ್ಟೋಯ್ತು ನೋಡಿ," ಅಂದರು, ತೊದಲುತ್ತಾ. ಮೈ ನಡುಗುತ್ತಿರಲಿಲ್ಲ.

ಇದಕ್ಕಿಂತ ಕೆಟ್ಟ ಮಾತು ನಾನು ಕೇಳಿಲ್ಲ. ಒಳಗಿನ ಶಾಖ ತೀರಾ ಇಳಿದಾಗ ನಡುಕ ನಿಲ್ಲುತ್ತದೆ, ಬುದ್ಧಿ ಮಂಕಾಗುತ್ತದೆ, ಮುಂದೆ ಎದೆಬಡಿತವೇ ತಪ್ಪಬಹುದು. ಸಿಡಿಲು ಹೇಳುವುದು ಚದುರಿ ಕೂರಿ ಅಂತ, ಒಂದೇ ಹೊಡೆತಕ್ಕೆ ಎಲ್ಲರೂ ಹೋಗದಿರಲೆಂದು. ಚಳಿ ಹೇಳುವುದು ಒತ್ತಿ ಕೂರಿ ಅಂತ. ಎರಡನ್ನೂ ಪಾಲಿಸುವುದು ಹೇಗೆ?

ಲೆಕ್ಕ ನಾನು ಹಿಡಿದೆ. ಹದಿನೆಂಟು. ಇಪ್ಪತ್ತೆರಡು. ಗೈಡ್ ನನ್ನನ್ನೇ ನೋಡುತ್ತಿದ್ದಳು. ಇಪ್ಪತ್ತಾರು. ಮೂವತ್ತಕ್ಕೆ ಕಾಯಲಿಲ್ಲ. ನಾನು ಕೈ ಎತ್ತಿದೆ, ಅವಳು ತಲೆಯಾಡಿಸಿದಳು, ಇಬ್ಬರೂ ಓಡಿದೆವು. ಈ ವಯಸ್ಸಿನ ಮಂಡಿ, ಆಲಿಕಲ್ಲು ಹಾಸಿದ ಬಂಡೆ, ಹೇಗೆ ಓಡಿದೆನೋ!

ಅವಳ ಬ್ಯಾಗಿನಿಂದ ಕಿತ್ತಲೆ ಬಣ್ಣದ ದೊಡ್ಡ ನೈಲಾನ್ ಚೀಲ ಹೊರಬಂತು. ಅಷ್ಟೂ ಜನ ಅದನ್ನು ತಲೆಯ ಮೇಲೆಳೆದುಕೊಂಡು ಒಳಗೆ ನುಗ್ಗಿದೆವು. ಒದ್ದೆ ಅಂಗಿ ಕಳಚಿ ಒಣಗಿದ್ದನ್ನು ತೊಡಿಸಿದೆವು. ಯಾರೋ ಅವರ ಕೈಕಾಲು ತಿಕ್ಕಲು ಹೋದರು. "ಉಜ್ಜಬೇಡಿ!" ಗದರಿದೆ. ಉಜ್ಜಿದರೆ ಕೈಕಾಲಿನ ತಣ್ಣನೆಯ ರಕ್ತ ಹೃದಯಕ್ಕೆ ನುಗ್ಗಬಹುದು. ಎದೆಗೆ ಎದೆ, ಬೆನ್ನಿಗೆ ಬೆನ್ನು ಒತ್ತಿ ಕೂತೆವು. "ರೀ, ಮಾತಾಡ್ರೀ, ಏನಾದ್ರೂ ಹೇಳ್ರೀ," ಎಂದು ಅವರ ಮನೆಯವರು ಗೋಗರೆಯುತ್ತಿದ್ದರು. ನುಂಗಬಲ್ಲರೆಂದು ಖಾತ್ರಿ ಮಾಡಿಕೊಂಡು ಫ್ಲಾಸ್ಕಿನ ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕೊಟ್ಟೆ. ಉಸಿರಿನ ಹಬೆಗೆ ಚೀಲ ನಿಧಾನಕ್ಕೆ ಬೆಚ್ಚಗಾಯಿತು.

ಕೊನೆಗೆ ಅವರ ಹಲ್ಲು ಕಟಕಟ ಅಂದಿತು. ನಡುಕ ಮರಳಿತ್ತು! ಆ ಸದ್ದು ಕೇಳಿ ನಾನು ಅತ್ತೆ.

ಗುಡುಗು ದೂರ ಸರಿದ ಮೇಲೆ ಇಬ್ಬರ ಹೆಗಲಿಗೆ ಅವರನ್ನು ಆನಿಸಿಕೊಂಡು, ಅವರ ಹೆಜ್ಜೆಗೇ ಎಲ್ಲರೂ ಹೆಜ್ಜೆ ಹಾಕಿ, ಘಾಟಿಯ ಕೆಳಗಿನ ವಸತಿಗೃಹ ಸೇರಿದೆವು. ಬಿಸಿ ಸೂಪು, ಕಂಬಳಿ, ಒಲೆ. ರಾತ್ರಿಯೆಲ್ಲ ಅವರ ನಾಡಿ ಹಿಡಿದು ಕೂತಿದ್ದೆ.

ಮರುದಿನ ಲೆ ಶಾಪ್ಯೂ ಹಳ್ಳಿಗೆ ಇಳಿದು ತಂಗಿದೆವು. ಇನ್ನು ಬಸ್ಸಿನಲ್ಲಿ ಹೋಗೋಣವೆಂದವರೂ ಇದ್ದರು. ಅದು ಅಂಜಿಕೆಯಲ್ಲ, ವಿವೇಕದ ಮಾತೇ. ಮೇಷ್ಟ್ರು ಮಾತ್ರ ನಕ್ಷೆ ಹರಡಿಕೊಂಡು ಗೈಡ್ ಜೊತೆ ಚರ್ಚೆಗಿಳಿದಿದ್ದರು. ಮುಂದಿನದು 2516 ಮೀಟರ್ ಎತ್ತರದ ಸೇನ್ಯ ಘಾಟಿ, ಅದರಾಚೆ ಇಟಲಿ.

"ಬೆಳಗಿನ ಜಾವ ಹೊರಟರೆ ಮೋಡ ಕಟ್ಟೋದ್ರೊಳಗೆ ದಾಟ್ತೀವಿ. ಬರ್ತೀರಾ ಸಿಸ್ಟರ್?"

ಮೊದಲು ಅವರ ನಾಡಿ ನೋಡಿದೆ. ಆಮೇಲೆ ಬೂಟು ಒಣಗಿದೆಯೇ ಎಂದು ನೋಡಲು ಹೋದೆ.