ಹೊಳೆ ಬಿಟ್ಟುಹೋದ ಕೆಸರು

ವಾಚಕರಲ್ಲಿ ಯಡೂರಿಗೆ ಹೋಗಿಬಂದವರು ಅನೇಕರಿರಬಹುದು. ಚಿಕ್ಕೋಡಿ ತಾಲೂಕಿನ ಈ ಗ್ರಾಮವು ಕೃಷ್ಣೆಯ ದಂಡೆಯ ಮೇಲಿದ್ದು, ಶ್ರೀ ವೀರಭದ್ರದೇವರ ಗುಡಿಯಿಂದ ಪ್ರಸಿದ್ಧವಾಗಿದೆ. ನಾನು ಹೋದದ್ದು ದೇವದರ್ಶನಕ್ಕಲ್ಲ. 2019ನೆಯ ಆಗಸ್ಟ್ ತಿಂಗಳ ಮಹಾಪೂರವು ಇಳಿದ ಮೇಲೆ, ಅಕ್ಕನ ಮನೆಯ ಕೆಸರನ್ನು ತೆಗೆಯಲಿಕ್ಕೆ.

ಮಹಾಬಳೇಶ್ವರದ ಕಡೆಗೆ ಸುರಿದ ಮಳೆಯೂ, ಕೊಯ್ನಾ ಜಲಾಶಯದಿಂದ ಬಿಟ್ಟ ನೀರೂ, ನರಸೋಬಾವಾಡಿಯಲ್ಲಿ ಬಂದು ಕೂಡುವ ಪಂಚಗಂಗೆಯೂ ಒಂದಾಗಿ ಈ ಸೀಮೆಗೆ ಇಳಿಯುತ್ತವೆ. ಮಳೆಗಾಲದಲ್ಲಿ ಕಲ್ಲೋಳ–ಯಡೂರು ಸೇತುವೆಯು ಮುಳುಗುವುದು ಇಲ್ಲಿಯವರಿಗೆ ಹೊಸದಲ್ಲ. ನೀರೇನೋ ಬಂದ ದಾರಿಯನ್ನೇ ಹಿಡಿದು ಹೋಗುತ್ತದೆ, ಕೆಸರು ಉಳಿಯುತ್ತದೆ.

ಅಕ್ಕನ ಅಂಗಳವು 20 ಅಡಿ ಉದ್ದ, 15 ಅಡಿ ಅಗಲ. ಕೆಸರಿನ ದಪ್ಪವು 3 ಅಂಗುಲ. ಇಷ್ಟೇ ತಾನೇ ಎಂದು ನನಗೆ ಮೊದಲು ತೋರಿತು. ಲೆಕ್ಕ ಹಾಕಲಾಗಿ 75 ಘನ ಅಡಿಯಾಯಿತು, ತೂಕದಲ್ಲಿ ಸುಮಾರು ಮೂರೂವರೆ ಟನ್ನು! ಬುಟ್ಟಿಗೆ 15 ಕಿಲೋದಂತೆ ಹೊತ್ತರೆ 200ಕ್ಕೂ ಮಿಕ್ಕಿ ಬುಟ್ಟಿಗಳು. ಅಮೇರಿಕೆಯಲ್ಲಿರುವ ನಮ್ಮ ಸೋದರಳಿಯನು ಮನೆಯ ಮುಂದಿನ ಹಿಮವನ್ನು ಸರಿಸಲಿಕ್ಕೆ ಸಲಿಕೆ ಸಾಕೋ, ಯಂತ್ರವೇ ಬೇಕೋ ಎಂದು ಚಳಿಗಾಲ ಬಂದೊಡನೆ ಚಿಂತಿಸುತ್ತಾನಂತೆ. ಆ ಹಿಮವು ಬಿಸಿಲಿಗೆ ಕರಗಿಯಾದರೂ ಹೋದೀತು. ನಮ್ಮ ಎರೆಯ ಕೆಸರು ಬಿಸಿಲಿಗೆ ಬಿರಿದು ಕಲ್ಲಾಗುತ್ತದೆ.

ಜೆಸಿಬಿ ತರಿಸೋಣವೆಂದು ನಾನು ಸೂಚಿಸಿದೆನು. ಅಕ್ಕನು ಗೋಡೆಯ ಮೇಲೆ ಕೈಯಿಟ್ಟು, "ಬ್ಯಾಡ ತಮ್ಮಾ, ಗ್ವಾಡಿ ನೆನದಾವ" ಎಂದಳು. ಮಾವನವರ ಕಾಲದ ಮಣ್ಣಿನ ಗೋಡೆಗಳವು. ಏಳೆಂಟು ಟನ್ನು ತೂಗುವ ಯಂತ್ರವು ಪಕ್ಕದಲ್ಲಿ ಅದುರಿದರೆ ಏನಾದೀತು? ಅದೇ ಓಣಿಯಲ್ಲಿ ಯಂತ್ರದ ಬಾಯಿ ತಗಲಿ ಒಂದು ಮನೆಯ ಕಟ್ಟೆಯು ಕುಸಿದಿದ್ದುದನ್ನು ಸಂಜೆಗೆ ನೋಡಿ ಬಂದು ನಾನು ಸುಮ್ಮನಾದೆನು.

ಗುದ್ದಲಿಯು ಹಸಿ ಕೆಸರಿಗೆ ಕೆಲಸಕ್ಕೆ ಬಾರದು. ಒಣಗಿದ ಮೂಲೆಗಳಿಗೆ ಮಾತ್ರ ಬೇಕು. ಅಗಲ ಬಾಯಿಯ ಸಲಿಕೆಯೇ ಉತ್ತಮ, ಆದರೆ ಪ್ರತಿ ಸಲವೂ ಅದನ್ನು ನೀರಿನಲ್ಲಿ ಅದ್ದಬೇಕು. ಇಲ್ಲವಾದರೆ ಕೆಸರು ಬಿಡುವುದಿಲ್ಲ. ಬಿದಿರಿನ ಬುಟ್ಟಿಗಿಂತ ಕಬ್ಬಿಣದ ಬುಟ್ಟಿಯು ಲೇಸು. ನಿಜವಾಗಿ ನಮ್ಮನ್ನು ಕಾಯ್ದದ್ದು ಕಣದಲ್ಲಿ ಜೋಳದ ರಾಶಿಯನ್ನು ಕೂಡಿಸುವ, ಉದ್ದ ಹಿಡಿಯ ಕಟ್ಟಿಗೆಯ ಹಲಗೆ. ಅದನ್ನು ಅಟ್ಟದಿಂದ ಇಳಿಸಿ ಕೊಟ್ಟವಳು ಅಕ್ಕನೇ. ಎತ್ತುವುದಕ್ಕಿಂತ ನೂಕುವುದು ಅರ್ಧ ಶ್ರಮ! ಬೀದಿಯ ಕಡೆಯಿಂದ ಆರಂಭಿಸಿ, ಇಳಿಜಾರಿನತ್ತ ನೂಕುತ್ತ ಒಳಗೆ ಬಂದೆವು. ಗೋಡೆಯ ಬುಡದಲ್ಲಿ ಮಾತ್ರ ಕೈಯಿಂದಲೇ, ಮೆಲ್ಲಗೆ. ಇಲಿಜ್ವರದ ಭಯವಿರುವುದರಿಂದ ರಬ್ಬರಿನ ಬೂಟನ್ನು ಮರೆಯಲಾಗದು. ಚೇಳುಗಳಂತೂ ಎರಡು ಸಿಕ್ಕವು.

ನಾಲ್ಕನೆಯ ದಿನ ತುಳಸೀಕಟ್ಟೆಯ ಬುಡದ ಕಲ್ಲು ಕಂಡಿತು. ಗೋಡೆಗಳು ನಿಂತಿದ್ದವು. ಅಕ್ಕನು ಹಲಗೆಯನ್ನು ತೊಳೆದು, ಒಣಗಿಸಿ, ಅಟ್ಟದ ಮೇಲಿಟ್ಟಳು. 2021ನೆಯ ಜುಲೈ ತಿಂಗಳಲ್ಲಿ ಅದನ್ನು ಮತ್ತೆ ಇಳಿಸಬೇಕಾಯಿತು.